ಲ್ಯಾಪ್‌ಟಾಪಿನ ಗಂಟಲು ಕಟ್ಟಿದಾಗ

ತರೀಕೆರೆಯ ಏರಿಯ ಮೇಲೆ ಮೇಯುವ ಮೂರು ಕರಿಯ ಕುರಿಮರಿಗಳ ಪರಿಚಯವಿಲ್ಲದ ಕನ್ನಡಿಗರು ವಿರಳ. ಮಕ್ಕಳ ನಾಲಿಗೆಯನ್ನು ಪಳಗಿಸಲೆಂದು ಹಿರಿಯರು ಹೆಣೆದಿಟ್ಟ ಆ ಒಂದು ವಾಕ್ಯವನ್ನು ಎಡವದೆ ಮೂರು ಬಾರಿ ಹೇಳಬಲ್ಲ ಹುಡುಗ ಮನೆಯಲ್ಲಿ ಜಾಣನೆನಿಸಿಕೊಳ್ಳುತ್ತಾನೆ. ಕಕಾರ, ರಕಾರ, ಮಕಾರಗಳ ಆ ಹೆಣಿಗೆಯಲ್ಲಿ ಒಂದೆಳೆ ತಪ್ಪಿದರೆ ಸಾಕು, ಕರಿ ಕುರಿಯಾಗುತ್ತದೆ, ಕುರಿ ಮರಿಯಾಗುತ್ತದೆ. ಸುತ್ತ ಕುಳಿತವರಿಗೆ ನಗೆ ತಡೆಯಲಾಗುವುದಿಲ್ಲ.

ಆ ವಾಕ್ಯವನ್ನು ಕಲಿಯಬೇಕಾದ ಮೊಮ್ಮಕ್ಕಳು ಈಗ ಎಷ್ಟೋ ಮನೆಗಳಲ್ಲಿ ಊರಿನಲ್ಲಿಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳ ಮಕ್ಕಳು ಓದಿಗೆಂದೋ ಉದ್ಯೋಗಕ್ಕೆಂದೋ ಬೆಂಗಳೂರನ್ನೋ ಕಡಲಾಚೆಯ ನಾಡನ್ನೋ ಸೇರಿದ್ದಾರೆ. ಭಾನುವಾರದ ಸಂಜೆ ದೇವರಿಗೆ ದೀಪ ಹಚ್ಚಿ ಬಂದ ಅಜ್ಜಿ ನಡುಮನೆಯ ಮೇಜಿನ ಮೇಲಿರುವ ಲ್ಯಾಪ್‌ಟಾಪಿನ ಎದುರು ಕೂಡುತ್ತಾಳೆ. ತೆರೆಯ ಮೇಲೆ ಮೊಮ್ಮಗನ ಮುಖ ಮೂಡುತ್ತದೆ. ಅಜ್ಜಿ ಕುರಿಮರಿಗಳ ವಾಕ್ಯವನ್ನು ನಿಧಾನವಾಗಿ ಹೇಳಿಕೊಡುತ್ತಾಳೆ. ಹುಡುಗ ಉತ್ಸಾಹದಿಂದ ಒಪ್ಪಿಸುತ್ತಾನೆ. ಆದರೆ ಈ ಕಡೆ ಕೇಳಿಸುವುದೇನು? ಒಂದು ‘ತ’, ಒಂದು ‘ಕೆ’, ನಡುವೆ ಒಣ ಎಲೆಯ ಮೇಲೆ ಕಾಲಿಟ್ಟಂತೆ ಪಟಪಟ ಸದ್ದು, ಕೊನೆಗೊಂದು ‘ರಿ’.

“ಯಾಕೋ ಮಗೂ, ಗಂಟಲು ಕಟ್ಟಿದೆಯೇನೋ?” ಎಂದು ಅಜ್ಜಿ ಕಳವಳಪಡುತ್ತಾಳೆ.

“ಇಲ್ಲ ಅಜ್ಜೀ, ನಿನ್ನ ಮಾತೇ ಕೇಳಿಸುತ್ತಾ ಇಲ್ಲ. ಇನ್ನೊಂದು ಸಲ ಹೇಳು!”

ಗಂಟಲು ಕಟ್ಟಿರುವುದು ಹುಡುಗನಿಗೂ ಅಲ್ಲ, ಅಜ್ಜಿಗೂ ಅಲ್ಲ; ನಡುವೆ ಕುಳಿತಿರುವ ಯಂತ್ರಕ್ಕೆ. ಇದು ಬರಿಯ ನಗೆಯ ಸಂಗತಿಯೂ ಅಲ್ಲ. 2020ರಲ್ಲಿ ಕೋವಿಡ್ ಪಿಡುಗಿನಿಂದ ಶಾಲೆಗಳು ಬಾಗಿಲು ಮುಚ್ಚಿ ಪಾಠವೆಲ್ಲ ಇಂಟರ್‌ನೆಟ್ಟಿಗೆ ಬಂದಾಗ, ಗುರುಗಳ ಮಾತು ತುಂಡು ತುಂಡಾಗಿ ಕೇಳಿದ ಮಕ್ಕಳು ಅರ್ಧ ಪಾಠವನ್ನಷ್ಟೇ ಪಡೆದರು. ಉದ್ಯೋಗದ ಸಂದರ್ಶನಗಳೂ ಇಂದು ಇದೇ ಯಂತ್ರದ ಮೂಲಕ ನಡೆಯುತ್ತಿವೆ. ಪ್ರಶ್ನೆಯೇ ಕಿವಿಗೆ ಬೀಳದ ಅಭ್ಯರ್ಥಿ ಉತ್ತರವನ್ನು ಎಲ್ಲಿಂದ ತಂದಾನು? ಇಂಥ ಹೊತ್ತಿನಲ್ಲಿ ಮನೆಯವರು ಸಾಮಾನ್ಯವಾಗಿ ಬರುವ ತೀರ್ಮಾನವೊಂದೇ: “ಸ್ಪೀಕರ್ ಹೋಯಿತು, ಬದಲಾಯಿಸಬೇಕು.” ಬಹುಪಾಲು ಸಂದರ್ಭಗಳಲ್ಲಿ ಸ್ಪೀಕರು ಪಾಪ, ನಿರಪರಾಧಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಅಮೃತಮಹಲ್ ರಾಸುಗಳ ಸಂವರ್ಧನೆಗೆ ಹೆಸರಾದ ಅಜ್ಜಂಪುರದ ಸೀಮೆಯಲ್ಲಿಯೂ ಈ ತಪ್ಪು ನಡೆಯದೆ ಇಲ್ಲ.

ಬಾನುಲಿಯ ಕಾಲದ ಅಭ್ಯಾಸ

ಗರಗರ ಸದ್ದು ಈ ಸೀಮೆಗೆ ಹೊಸದಲ್ಲ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದರು. 1965ರಲ್ಲಿ ತರೀಕೆರೆಗೆ ನೆರೆಯದಾದ ಭದ್ರಾವತಿಯಲ್ಲಿ 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗದ ನಿಲಯ ತಲೆಯೆತ್ತಿತು. ಅಂದಿನಿಂದ ಈ ಸುತ್ತಿನ ಮನೆಗಳಲ್ಲಿ ವಾರ್ತೆ, ನಾಟಕ, ರೈತರ ಕಾರ್ಯಕ್ರಮಗಳ ಜೊತೆಗೆ ಗರಗರವೂ ಒಂದು ನಿತ್ಯದ ಅತಿಥಿಯಾಯಿತು. ಬಾಬಾಬುಡನ ಗಿರಿಯ ಮೇಲೆ ಮಿಂಚು ಹೊಳೆದರೆ ರೇಡಿಯೊ ‘ಪಟ್’ ಎನ್ನುತ್ತಿತ್ತು. ನೆರೆಮನೆಯವರು ಮಿಕ್ಸಿ ಹಾಕಿದರೆ ‘ಬರ್ರ್’ ಎನ್ನುತ್ತಿತ್ತು. ಮಿಂಚಿನಿಂದಲೂ ವಿದ್ಯುತ್ತಿನ ಕಿಡಿಯಿಂದಲೂ ಹೊರಡುವ ರೇಡಿಯೊ ಅಲೆಗಳು ನಿಲಯದ ಅಲೆಗಳೊಡನೆ ಬೆರೆತು ಗ್ರಾಹಕಯಂತ್ರವನ್ನು ಹೊಗುತ್ತಿದ್ದುದೇ ಅದಕ್ಕೆ ಕಾರಣ. ಅಲೆಯ ಎತ್ತರದಲ್ಲಿ ಮಾತನ್ನು ಅಡಗಿಸಿ ಕಳುಹಿಸುವ ಕ್ರಮದಲ್ಲಿ ಈ ಕಾಟ ತಪ್ಪದು. ಅಲೆಯ ಕಂಪನದ ವೇಗದಲ್ಲಿಯೇ ಮಾತನ್ನು ಅಡಗಿಸುವ ಎಫ್.ಎಂ. ಪದ್ಧತಿಗೆ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ 1933ರಲ್ಲಿ ಪೇಟೆಂಟುಗಳನ್ನು ಪಡೆದದ್ದು ಮುಖ್ಯವಾಗಿ ಈ ಗರಗರವನ್ನು ಗೆಲ್ಲುವುದಕ್ಕಾಗಿಯೇ.

ಅಂದು ಮನೆಯ ಯಜಮಾನರು ಬಲ್ಲ ಚಿಕಿತ್ಸೆಗಳು ಎರಡು: ಏರಿಯಲ್ ತಂತಿಯನ್ನು ಅತ್ತಿತ್ತ ಸರಿಸುವುದು, ಅದರಿಂದಾಗದಿದ್ದರೆ ಪೆಟ್ಟಿಗೆಯ ನೆತ್ತಿಗೊಂದು ಗುದ್ದು ಕೊಡುವುದು. ಸಡಿಲವಾದ ಬೆಸುಗೆಯೋ ಕೊಳವೆಯೋ ಆ ಗುದ್ದಿಗೆ ಕೂಡಿಕೊಂಡು ರೇಡಿಯೊ ಮತ್ತೆ ಹಾಡುತ್ತಿದ್ದುದೂ ಉಂಟು. ಆದರೆ ಲ್ಯಾಪ್‌ಟಾಪಿಗೆ ಗುದ್ದು ಕೊಡುವುದು ಅಪಾಯ. ಹಳೆಯ ಮಾದರಿಗಳಲ್ಲಿರುವ ತಿರುಗುವ ಹಾರ್ಡ್‌ಡಿಸ್ಕಿಗೆ ಅದರಿಂದ ಪೆಟ್ಟಾಗಿ, ಸದ್ದಿನ ಜೊತೆಗೆ ಮದುವೆಯ ಭಾವಚಿತ್ರಗಳೂ ಅಡಕೆ ತೋಟದ ಲೆಕ್ಕವೂ ಹೋದಾವು. ಅಷ್ಟೇ ಅಲ್ಲ, ಲ್ಯಾಪ್‌ಟಾಪಿನ ಗರಗರದ ಜಾತಿಯೇ ಬೇರೆ. ರೇಡಿಯೊದಲ್ಲಿ ಹೊರಗಿನಿಂದ ಬೇಡದ ಸದ್ದೊಂದು ಬಂದು ಸೇರುತ್ತಿತ್ತು. ಲ್ಯಾಪ್‌ಟಾಪಿನಲ್ಲಿ ಬರಬೇಕಾದ ಸದ್ದು ಹೊತ್ತಿಗೆ ಸರಿಯಾಗಿ ಬಾರದೆ ಹೋಗುತ್ತದೆ. ಇದರ ಮರ್ಮವನ್ನು ಅರಿತರೆ ಅರ್ಧ ಚಿಕಿತ್ಸೆ ಆದಂತೆಯೇ.

ಕೆರೆ, ತೂಬು, ನೀರಗಂಟಿ

ಗಣಕಯಂತ್ರವು ಸದ್ದನ್ನು ಅಂಕಿಗಳ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ಧ್ವನಿಯ ಅಲೆಯು ಕ್ಷಣಕ್ಷಣಕ್ಕೆ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಅಳೆದು ಬರೆದ ಪಟ್ಟಿ ಅದು. ಸಂಗೀತದ ಸಿ.ಡಿ.ಯಲ್ಲಿ ಇಂಥ ಅಳತೆಗಳು ಸೆಕೆಂಡಿಗೆ 44,100. ಇಂದಿನ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ 48,000. ಯಂತ್ರದೊಳಗಿನ ಒಂದು ಚಿಕ್ಕ ಬಿಲ್ಲೆ ಈ ಅಂಕಿಗಳನ್ನು ಒಂದಾದ ಮೇಲೊಂದರಂತೆ ತೆಗೆದುಕೊಂಡು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ; ಆ ಏರಿಳಿತಕ್ಕೆ ತಕ್ಕಂತೆ ಸ್ಪೀಕರಿನ ಪೊರೆ ನಡುಗಿ ಮಾತಾಗುತ್ತದೆ. ಆ ಬಿಲ್ಲೆಗೆ ಕಾಯುವ ಅಭ್ಯಾಸವಿಲ್ಲ. ಸೆಕೆಂಡಿಗೆ 48,000 ಎಂದರೆ 48,000. ಒಂದು ಕಡಿಮೆಯಾದರೂ ಅದು ಸಹಿಸದು.

ಆದರೆ ಅಂಕಿಗಳನ್ನು ಒದಗಿಸಬೇಕಾದ ಪ್ರೊಸೆಸರಿಗೆ ಇದೊಂದೇ ಕೆಲಸವಲ್ಲ. ತೆರೆಯ ಮೇಲಿನ ಚಿತ್ರ, ಇಂಟರ್‌ನೆಟ್ಟಿನ ವ್ಯವಹಾರ, ವೈರಸ್ ಶೋಧನೆ ಮುಂತಾದ ನೂರಾರು ಕೆಲಸಗಳ ನಡುವೆ ಅದು ಸದ್ದಿನ ಕಡೆಗೂ ಆಗಾಗ ಬಂದು ಹೋಗಬೇಕು. ಈ ತೊಡಕನ್ನು ನಿವಾರಿಸಲು ಯಂತ್ರಜ್ಞರು ಹೂಡಿದ ಉಪಾಯವನ್ನು ಕಡೂರು ಸೀಮೆಯವರಿಗೆ ವಿವರಿಸುವುದು ಸುಲಭ. ಮದಗದ ಕೆರೆ, ಅಯ್ಯನಕೆರೆಗಳನ್ನು ಕಂಡವರು ಅವರು. ಗಿರಿಯಿಂದ ಹಳ್ಳದ ನೀರು ಬರುವಾಗ ಧೋ ಎಂದು ಬರುತ್ತದೆ, ಇಲ್ಲದಾಗ ಇಲ್ಲ. ಗದ್ದೆಗಾದರೋ ನೀರು ಎಡೆಬಿಡದೆ ಹರಿಯಬೇಕು. ಎರಡಕ್ಕೂ ನಡುವೆ ಕೆರೆ ನಿಂತು, ತೂಬಿನ ಮೂಲಕ ಒಂದೇ ಸಮನಾಗಿ ನೀರು ಬಿಡುತ್ತದೆ. ಗಣಕದೊಳಗೂ ಅಂಥದೊಂದು ಪುಟ್ಟ ಕೆರೆಯುಂಟು. ಅದರ ಹೆಸರು ಬಫರ್. ಪ್ರೊಸೆಸರು ಎಂಬ ನೀರಗಂಟಿ ಆಗಾಗ ಬಂದು ಅಂಕಿಗಳ ಹಳ್ಳವನ್ನು ಈ ಕೆರೆಗೆ ತಿರುಗಿಸಿ ಹೋಗುತ್ತಾನೆ. ತೂಬಿನಿಂದ ಸದ್ದು ಸಮನಾಗಿ ಹರಿಯುತ್ತದೆ.

ಈ ಕೆರೆ ಎಷ್ಟು ಕಿರಿದೆಂದರೆ, 10 ಮಿಲಿಸೆಕೆಂಡಿನ ಬಫರಿನಲ್ಲಿ ಹಿಡಿಯುವುದು 480 ಅಂಕಿಗಳು ಮಾತ್ರ. ಸೆಕೆಂಡಿನ ನೂರನೆಯ ಒಂದು ಪಾಲಿನೊಳಗೆ ನೀರಗಂಟಿ ಮರಳಿ ಬಾರದಿದ್ದರೆ ಕೆರೆ ಬತ್ತಿತು, ತೂಬು ಒಣಗಿತು. ಆಗ ಏರುತ್ತಿದ್ದ ಅಲೆ ಥಟ್ಟನೆ ಕತ್ತರಿಸಿ ಬೀಳುತ್ತದೆ. ಸ್ಪೀಕರಿನ ಪೊರೆ ಇದ್ದಲ್ಲಿಂದ ಒಮ್ಮೆಲೇ ನೆಗೆಯುತ್ತದೆ. ಆ ನೆಗೆತವೇ ಕಿವಿಗೆ ಕೇಳುವ ‘ಪಟ್’. ಸೆಕೆಂಡಿಗೆ ಹತ್ತಾರು ಬಾರಿ ಹೀಗಾದರೆ ಗರಗರ. ಕೆರೆ ಇನ್ನೂ ದೀರ್ಘಕಾಲ ಬತ್ತಿದರೆ ಮಾತು ತುಂಡು ತುಂಡು. ಹಾಗಾದರೆ ಕೆರೆಯನ್ನು ಹಿರಿದಾಗಿ ಕಟ್ಟಬಾರದೇಕೆ ಎಂದು ಯಾರಾದರೂ ಕೇಳಿಯಾರು. ಕಟ್ಟಬಹುದು, ಆದರೆ ಹಿರಿಯ ಕೆರೆಯಲ್ಲಿ ಈಗ ತಾನೇ ಬಂದು ಬಿದ್ದ ನೀರು ತೂಬನ್ನು ಮುಟ್ಟುವುದು ತಡ. ಹಾಡು ಕೇಳುವವನಿಗೆ ಆ ತಡದಿಂದ ನಷ್ಟವಿಲ್ಲ. ಸಂಭಾಷಣೆಯಲ್ಲಾದರೆ ಒಬ್ಬರ ಮಾತಿನ ಮೇಲೊಬ್ಬರು ಮಾತಾಡಿ ಗೊಂದಲವಾಗುತ್ತದೆ.

ಮೂರು ಪರೀಕ್ಷೆಗಳು

ವೈದ್ಯನು ನಾಡಿ ಹಿಡಿಯದೆ ಮದ್ದು ಕೊಡುವುದಿಲ್ಲ. ಲ್ಯಾಪ್‌ಟಾಪಿಗೂ ಮೊದಲು ಮಾಡಬೇಕಾದ ಪರೀಕ್ಷೆಗಳು ಮೂರು. ಅವುಗಳಿಗೆ ಹತ್ತು ನಿಮಿಷ ಸಾಕು. ಒಂದು ಕಾಸೂ ಖರ್ಚಿಲ್ಲ. ಅದಕ್ಕೂ ಮುನ್ನ ಯಂತ್ರವನ್ನು ಒಮ್ಮೆ ಪೂರ್ತಿ ನಿಲ್ಲಿಸಿ ಮತ್ತೆ ಚಾಲೂ ಮಾಡತಕ್ಕದ್ದು. ಮುಚ್ಚಳ ಮುಚ್ಚಿ ತೆರೆದರೆ ಅದು ನಿದ್ದೆಯಿಂದ ಎಬ್ಬಿಸಿದಂತೆಯೇ ಹೊರತು ಹೊಸದಾಗಿ ಆರಂಭಿಸಿದಂತಲ್ಲ. ಮೆನುವಿನಲ್ಲಿರುವ ‘ರೀಸ್ಟಾರ್ಟ್’ ಎಂಬುದನ್ನೇ ಒತ್ತಬೇಕು.

ಮೊದಲನೆಯ ಪರೀಕ್ಷೆ: ಇಂಟರ್‌ನೆಟ್ಟನ್ನು ಕಡಿದು, ಯಂತ್ರದಲ್ಲಿಯೇ ಇರುವ ಹಾಡೊಂದನ್ನು ಹಾಕಿ ಕೇಳುವುದು. ಅದು ಸ್ವಚ್ಛವಾಗಿದ್ದು, ದೂರದವರ ಮಾತು ಮಾತ್ರ ತುಂಡಾಗುತ್ತಿದ್ದರೆ ದೋಷ ದಾರಿಯಲ್ಲಿದೆ, ಯಂತ್ರದಲ್ಲಿಲ್ಲ.

ಎರಡನೆಯ ಪರೀಕ್ಷೆ: ಅದೇ ಹಾಡನ್ನು ತಂತಿಯುಳ್ಳ ಇಯರ್‌ಫೋನಿನಲ್ಲಿ ಕೇಳುವುದು. ಇಯರ್‌ಫೋನಿನಲ್ಲಿ ಶುದ್ಧವಾಗಿದ್ದು ಸ್ಪೀಕರಿನಲ್ಲಿ ಮಾತ್ರ ಗರಗರವೆಂದರೆ, ಆಗ ಸ್ಪೀಕರಿನ ಮೇಲೆ ಸಂಶಯ ತಾಳುವುದು ನ್ಯಾಯ. ಎರಡರಲ್ಲಿಯೂ ಒಂದೇ ಬಗೆಯ ಗರಗರವಿದ್ದರೆ ಸ್ಪೀಕರು ಬಿಡುಗಡೆಯಾಯಿತು, ತಪ್ಪಿತಸ್ಥನು ಒಳಗಿದ್ದಾನೆ.

ಮೂರನೆಯ ಪರೀಕ್ಷೆ: ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡುವುದು. ಕಿತ್ತ ಕೂಡಲೇ ಸದ್ದು ತಿಳಿಯಾದರೆ ವಿದ್ಯುತ್ತಿನ ಕಡೆಗೆ ಗಮನ ಹರಿಸಬೇಕು. ಅದಕ್ಕೆ ವಿರುದ್ಧವಾಗಿ, ಕಿತ್ತ ಮೇಲೆಯೇ ಗರಗರ ಶುರುವಾದರೆ ಯಂತ್ರವು ಬ್ಯಾಟರಿ ಉಳಿಸಲು ತನ್ನ ವೇಗವನ್ನು ತಗ್ಗಿಸಿಕೊಂಡು ಸದ್ದಿಗೆ ಹೊತ್ತು ಸಾಲದಂತೆ ಮಾಡಿಕೊಂಡಿದೆ ಎಂದರ್ಥ.

ದಾರಿಯಲ್ಲಿ ತಪ್ಪಿದ ಮಾತು

ದೂರದ ಸಂಭಾಷಣೆಯಲ್ಲಿ ಮಾತು ಒಂದೇ ಧಾರೆಯಾಗಿ ಹರಿದು ಬರುವುದಿಲ್ಲ. ಅದನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕತ್ತರಿಸಿ, ಪೊಟ್ಟಣ ಕಟ್ಟಿ, ಸೆಕೆಂಡಿಗೆ 50ರಂತೆ ಕಳುಹಿಸಲಾಗುತ್ತದೆ. ಬೀರೂರಿನಲ್ಲಿ ರೈಲುದಾರಿ ಕವಲೊಡೆದು ಒಂದು ಅಜ್ಜಂಪುರದ ಕಡೆಗೂ ಇನ್ನೊಂದು ತರೀಕೆರೆಯ ಕಡೆಗೂ ಹೋಗುವಂತೆ, ಪೊಟ್ಟಣಗಳೂ ಬೇರೆ ಬೇರೆ ದಾರಿ ಹಿಡಿದಾವು. ಕೆಲವು ಬೇಗ ಬರುತ್ತವೆ, ಕೆಲವು ತಡವಾಗಿ; ಕೆಲವು ಬರುವುದೇ ಇಲ್ಲ. ಬಂದವನ್ನು ಸಾಲಾಗಿ ನಿಲ್ಲಿಸಿ ನುಡಿಸಲು ಇಲ್ಲಿಯೂ ಒಂದು ಪುಟ್ಟ ಕೆರೆಯುಂಟು. ಒಂದೆರಡು ಪೊಟ್ಟಣ ತಪ್ಪಿದರೆ ಯಂತ್ರವು ಹಿಂದಿನ ಸದ್ದನ್ನೇ ಸ್ವಲ್ಪ ಎಳೆದು ತೇಪೆ ಹಾಕುತ್ತದೆ. ಸಾಲಾಗಿ ಹಲವು ತಪ್ಪಿದರೆ ತೇಪೆ ಸಾಲದು. ಮಾತು ಯಂತ್ರಮಾನವನ ದನಿಯಂತೆ ಕೇಳುವುದು ಇಂಥ ಹೊತ್ತಿನಲ್ಲಿ. ಒಂದು ಕಡೆಯ ಮಾತು ಇನ್ನೊಂದು ಕಡೆ ಮುಟ್ಟಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯದಿದ್ದರೆ ಲೇಸೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಆದುದರಿಂದ ತಡವಾಗಿ ಬಂದ ಪೊಟ್ಟಣಕ್ಕಾಗಿ ಯಂತ್ರ ಬಹಳ ಹೊತ್ತು ಕಾಯಲಾರದು.

ಇದಕ್ಕೆ ಮನೆಯ ಮದ್ದುಗಳುಂಟು. ಹಳೆಯ ತೊಟ್ಟಿಮನೆಗಳ ದಪ್ಪನೆಯ ಮಣ್ಣಿನ ಗೋಡೆ ಬೇಸಗೆಯಲ್ಲಿ ತಂಪು ಕೊಡುತ್ತದೆ ನಿಜ. ಆದರೆ ವೈಫೈ ಅಲೆಗಳನ್ನು ಅದು ಒಳಗೆ ಬಿಡದು. ಮಾತಾಡುವ ಹೊತ್ತಿನಲ್ಲಿ ಲ್ಯಾಪ್‌ಟಾಪನ್ನು ರೂಟರ್ ಇರುವ ಕೋಣೆಗೇ ಒಯ್ಯುವುದು ಒಳ್ಳೆಯದು. ತಂತಿಯಿಂದ ಜೋಡಿಸಿದರೆ ಇನ್ನೂ ಉತ್ತಮ. ಮೊಬೈಲಿನ ಹಾಟ್‌ಸ್ಪಾಟನ್ನೇ ನೆಚ್ಚಿದವರು ಫೋನನ್ನು ಕಿಟಕಿಯ ಬಳಿ ಇಡಬೇಕು. ಚಿತ್ರಕ್ಕೆ ತಗಲುವ ಸಾಗಣೆ ಮಾತಿಗೆ ತಗಲುವುದಕ್ಕಿಂತ ಹಲವು ಪಟ್ಟು ಹೆಚ್ಚು. ಆದುದರಿಂದ ದಾರಿ ಇಕ್ಕಟ್ಟಾದಾಗ ಕ್ಯಾಮರಾ ನಿಲ್ಲಿಸಿದರೆ ಮಾತು ಉಳಿದುಕೊಳ್ಳುತ್ತದೆ. ಮೊಮ್ಮಗನ ಮುಖವನ್ನು ಮೊದಲು ಕಣ್ತುಂಬ ನೋಡಿ, ಬಳಿಕ ಕ್ಯಾಮರಾ ಆರಿಸಿ ಕುರಿಮರಿಗಳ ಪಾಠ ಮುಂದುವರಿಸಬಹುದು.

ನೀರಗಂಟಿಯನ್ನು ತಡೆದವರಾರು?

ಇಂಟರ್‌ನೆಟ್ ಇಲ್ಲದಾಗಲೂ, ಇಯರ್‌ಫೋನಿನಲ್ಲಿಯೂ ಗರಗರವಿದ್ದರೆ ನೀರಗಂಟಿಯನ್ನು ಯಾರೋ ದಾರಿಯಲ್ಲಿ ತಡೆದಿದ್ದಾರೆ. ಯಂತ್ರದ ಒಂದೊಂದು ಅಂಗವನ್ನೂ ನಡೆಸಲು ‘ಡ್ರೈವರ್’ ಎಂಬ ಕಿರುಕ್ರಮವೊಂದು ಇರುತ್ತದೆ: ಸದ್ದಿಗೊಂದು, ವೈಫೈಗೊಂದು, ತೆರೆಯ ಚಿತ್ರಕ್ಕೊಂದು. ಈ ಡ್ರೈವರುಗಳು ಪ್ರೊಸೆಸರನ್ನು ಕರೆದು ತಮ್ಮ ಕೆಲಸ ಮುಗಿಸಿಕೊಂಡು ಬೇಗ ಬಿಟ್ಟುಕೊಡಬೇಕು. ಯಾವುದಾದರೂ ಒಂದು ಸಭ್ಯತೆ ಮರೆತು ಅವನನ್ನು ಹಿಡಿದಿಟ್ಟುಕೊಂಡರೆ, ಅಷ್ಟರೊಳಗೆ ಸದ್ದಿನ ಕೆರೆ ಬತ್ತುತ್ತದೆ. ಸ್ವಾರಸ್ಯವೆಂದರೆ, ತಪ್ಪು ವೈಫೈಯದು, ಶಿಕ್ಷೆ ಸದ್ದಿಗೆ. ವೈಫೈ ಆರಿಸಿದೊಡನೆ ಗರಗರ ನಿಂತರೆ ಈ ಕಳ್ಳ ಸಿಕ್ಕಿಬಿದ್ದಂತೆ. ವಿಂಡೋಸ್ ಬಳಸುವವರಿಗೆ ‘ಲೇಟೆನ್ಸಿಮಾನ್’ ಎಂಬ ತಂತ್ರಾಂಶವೊಂದುಂಟು. ಯಾವ ಡ್ರೈವರು ಎಷ್ಟು ಹೊತ್ತು ತಡೆದಿತೆಂಬುದನ್ನು ಅದು ಹೆಸರು ಹಿಡಿದು ಹೇಳುತ್ತದೆ.

ಚಿಕಿತ್ಸೆಯ ಕ್ರಮ ಹೀಗೆ. ಧ್ವನಿಗೆ ಮೆರುಗು ಕೊಡುವುದಾಗಿ ಹೇಳುವ ‘ಆಡಿಯೊ ಎನ್‌ಹ್ಯಾನ್ಸ್‌ಮೆಂಟ್’ ಎಂಬ ಸೌಕರ್ಯವನ್ನು ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೊದಲು ಆರಿಸತಕ್ಕದ್ದು. ಎಷ್ಟೋ ಯಂತ್ರಗಳಲ್ಲಿ ಗರಗರ ಇಷ್ಟರಿಂದಲೇ ಮಾಯವಾಗುತ್ತದೆ. ಅಲ್ಲಿಯೇ ಧ್ವನಿಯ ಅಳತೆಯನ್ನು 16 ಬಿಟ್, 48,000 ಹರ್ಟ್ಸ್ ಎಂಬುದಕ್ಕೆ ಇಡಬೇಕು; 1,92,000 ಮುಂತಾದ ದೊಡ್ಡ ಅಂಕಿಯನ್ನು ಆರಿಸಿದರೆ ನೀರಗಂಟಿಯ ಹೊರೆ ಹೆಚ್ಚುವುದೇ ಹೊರತು ಮನೆಯ ಕಿವಿಗಳಿಗೆ ಲಾಭವೇನೂ ಇಲ್ಲ. ವಿದ್ಯುತ್ ಉಳಿತಾಯದ ಏರ್ಪಾಟನ್ನು ಸಂಭಾಷಣೆಯ ಹೊತ್ತಿಗಾದರೂ ಬದಲಾಯಿಸಿ ಹೆಚ್ಚಿನ ಸಾಮರ್ಥ್ಯದ ಕಡೆಗೆ ಇಡಬೇಕು. ಹಾಡಿನ ಆರಂಭದಲ್ಲಿ ಮಾತ್ರ ಒಂದೇ ಒಂದು ‘ಟಪ್’ ಕೇಳಿದರೆ ಹೆದರಬೇಕಾದ್ದಿಲ್ಲ. ಮಿತವ್ಯಯಕ್ಕೆಂದು ಮಲಗಿದ್ದ ಧ್ವನಿಯ ಬಿಲ್ಲೆ ಎದ್ದು ಕುಳಿತ ಸದ್ದು ಅದು.

ಇನ್ನೂ ಗುಣ ಕಾಣದಿದ್ದರೆ ಡ್ರೈವರನ್ನೇ ನೋಡಬೇಕು. ಹೊಸ ಅಪ್‌ಡೇಟು ಬಂದ ಮರುದಿನವೇ ಗರಗರ ಆರಂಭವಾಗಿದ್ದರೆ ‘ಡಿವೈಸ್ ಮ್ಯಾನೇಜರ್’ನಲ್ಲಿ ಹಳೆಯ ಡ್ರೈವರಿಗೆ ಹಿಂದಿರುಗುವ ದಾರಿಯುಂಟು. ಇಲ್ಲವಾದರೆ ಲ್ಯಾಪ್‌ಟಾಪು ತಯಾರಿಸಿದ ಕಂಪನಿಯ ತಾಣದಿಂದಲೇ ಸರಿಯಾದ ಡ್ರೈವರನ್ನು ತಂದು ಹಾಕಬೇಕು. ವಿಂಡೋಸಿನೊಡನೆಯೇ ಬರುವ ಸಾಧಾರಣ ಡ್ರೈವರನ್ನು ಆರಿಸಿದರೂ ಹಲವೊಮ್ಮೆ ಕೆಲಸ ಸುಗಮವಾಗುತ್ತದೆ. “ನಿಮ್ಮ ಎಲ್ಲ ಡ್ರೈವರುಗಳನ್ನೂ ಒಂದೇ ಏಟಿಗೆ ಸರಿಪಡಿಸುತ್ತೇವೆ” ಎಂದು ಆಮಿಷ ತೋರುವ ಅಪರಿಚಿತ ತಾಣಗಳ ಗೊಡವೆಗೆ ಮಾತ್ರ ಹೋಗಬಾರದು. ಗರಗರ ಹೋಗಿಸಲು ಹೋಗಿ ಬ್ಯಾಂಕಿನ ಗುಟ್ಟನ್ನು ಕಳ್ಳರ ಕೈಗೆ ಕೊಟ್ಟಂತಾದೀತು.

ಉಷ್ಣವೂ ಒಂದು ಕಾರಣ. ಕಡೂರಿನ ಬಯಲುಸೀಮೆಯ ಬೇಸಗೆಯ ಧೂಳು ಫ್ಯಾನಿನ ಬಾಯಲ್ಲಿ ಕಟ್ಟಿಕೊಂಡರೆ ಗಾಳಿ ಆಡದು. ಯಂತ್ರ ಕಾದಾಗ ಪ್ರೊಸೆಸರು ತನ್ನ ರಕ್ಷಣೆಗಾಗಿ ತಾನೇ ವೇಗ ತಗ್ಗಿಸುತ್ತದೆ. ನೀರಗಂಟಿ ಬಿಸಿಲಿಗೆ ಬಳಲಿ ನಿಧಾನವಾಗಿ ನಡೆದಂತೆ. ಮೊದಲರ್ಧ ಗಂಟೆ ಚೆನ್ನಾಗಿದ್ದ ಸದ್ದು ಆಮೇಲೆ ಕೆಡುತ್ತಾ ಹೋದರೆ ಇದನ್ನೇ ಶಂಕಿಸಬೇಕು. ಹಾಸಿಗೆ, ದಿಂಬುಗಳ ಮೇಲಿಟ್ಟು ಬಳಸದೆ ಗಟ್ಟಿ ಮೇಜಿನ ಮೇಲಿಡುವುದೂ, ಫ್ಯಾನನ್ನು ಶುಚಿ ಮಾಡಿಸುವುದೂ ಇದಕ್ಕೆ ಪರಿಹಾರ.

ತಂತಿ, ತೂತು, ಪೊರೆ

ಇಯರ್‌ಫೋನಿನಲ್ಲಿ ಮಾತ್ರ ಗರಗರವಿದ್ದು, ತಂತಿಯನ್ನು ಅಲುಗಿಸಿದಾಗ ಹೆಚ್ಚು ಕಡಿಮೆಯಾದರೆ ಕಾರಣ ಸರಳ: ತಂತಿ ಒಳಗೆ ಮುರಿದಿದೆ, ಇಲ್ಲವೆ ಚುಚ್ಚುವ ತೂತಿನಲ್ಲಿ ಧೂಳು ಕುಳಿತಿದೆ. ಬೇರೊಂದು ಇಯರ್‌ಫೋನ್ ಹಾಕಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಯಂತ್ರವನ್ನು ನಿಲ್ಲಿಸಿ ಪ್ಲಗ್ಗನ್ನು ನಾಲ್ಕಾರು ಬಾರಿ ಹಾಕಿ ತೆಗೆದರೆ ತೂತಿನೊಳಗಿನ ಲೋಹದ ಕಿಲುಬು ಉಜ್ಜಿಹೋಗುವುದುಂಟು. ಸೂಜಿ, ಪಿನ್ನುಗಳನ್ನು ಒಳಗೆ ತೂರಿಸುವುದು ಸಲ್ಲದು.

ಸ್ಪೀಕರಿನಲ್ಲಿ ಮಾತ್ರ ದೋಷವಿದ್ದಾಗ ಮೊದಲು ಸದ್ದನ್ನು ಅರ್ಧಕ್ಕೆ ಇಳಿಸಬೇಕು. ಇಳಿಸಿದಾಗ ಶುದ್ಧವಾಗಿದ್ದು ಏರಿಸಿದಾಗ ಮಾತ್ರ ಒಡೆದರೆ, ಆ ಪುಟ್ಟ ಪೊರೆಗೆ ಶಕ್ತಿ ಮೀರಿದ ಹೊರೆ ಬಿದ್ದಿದೆ. ಕೆಲವು ತಂತ್ರಾಂಶಗಳು ಸದ್ದನ್ನು ನೂರಕ್ಕಿಂತ ಹೆಚ್ಚಿಗೆ, 150, 200ರವರೆಗೂ ಏರಿಸಲು ಬಿಡುತ್ತವೆ. ಅಲೆಯ ನೆತ್ತಿ ಆಗ ಮಾಡಿಗೆ ತಗಲಿ ಚಪ್ಪಟೆಯಾಗುತ್ತದೆ, ಮಾತು ಒಡಕಾಗುತ್ತದೆ, ಬಹುಕಾಲ ಹೀಗೆ ಬಳಸಿದರೆ ಪೊರೆಯೂ ಹರಿದೀತು. ತಗ್ಗಿದ ಸದ್ದಿನಲ್ಲಿಯೂ, ಒಂದೇ ಪಕ್ಕದ ಸ್ಪೀಕರಿನಿಂದ, ಗಡಸು ಸ್ವರಗಳು ಬಂದಾಗಲೆಲ್ಲ ಕಾಗದ ನಡುಗಿದಂತೆ ಕೇಳಿದರೆ ಮಾತ್ರ ಪೊರೆ ಹರಿದಿದೆಯೆಂದು ನಂಬಬಹುದು. ಹೊಸ ಸ್ಪೀಕರಿಗೆ ಹಣ ಖರ್ಚು ಮಾಡಬೇಕಾದ ಸಂದರ್ಭ ಇದು.

ತಂತಿಯಿಲ್ಲದ ಬ್ಲೂಟೂತ್ ಉಪಕರಣಗಳ ಪಾಡು ಬೇರೆ. ಅವು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ ಮಾತಾಡುತ್ತವೆ; ವೈಫೈಯ ಒಂದು ಪಾಲೂ ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ಬೀದಿಯಲ್ಲಿ ಓಡಾಡುತ್ತವೆ. ರೂಟರಿನಲ್ಲಿ 5 ಗಿಗಾಹರ್ಟ್ಸ್‌ನ ಏರ್ಪಾಟಿದ್ದರೆ ವೈಫೈಯನ್ನು ಅದಕ್ಕೆ ಸರಿಸಿದಾಗ ಬೀದಿ ತೆರವಾಗುತ್ತದೆ. ಬ್ಲೂಟೂತಿನ ಮೈಕನ್ನೂ ಬಳಸತೊಡಗಿದಾಗ ಧ್ವನಿ ಹಳೆಯ ದೂರವಾಣಿಯಂತೆ ಮಂಕಾಗುವುದು ಹಲವು ಉಪಕರಣಗಳಲ್ಲಿ ಸಹಜ. ಮಾತು ಹೋಗುವುದಕ್ಕೂ ಬರುವುದಕ್ಕೂ ಎಡೆ ಮಾಡಿಕೊಡಲು ಅದು ಅಳತೆಗಳನ್ನು ಸೆಕೆಂಡಿಗೆ 8,000 ಅಥವಾ 16,000ಕ್ಕೆ ಇಳಿಸಿಕೊಳ್ಳುತ್ತದೆ. ಲ್ಯಾಪ್‌ಟಾಪಿನದೇ ಮೈಕನ್ನು ಆರಿಸಿಕೊಂಡರೆ ಮಂಕು ಹರಿಯುತ್ತದೆ.

ಪೆಂಡಾಲಿನ ಗುಂಯ್‌ಕಾರ

ಗಣೇಶನ ಹಬ್ಬದ ಪೆಂಡಾಲಿನಲ್ಲೋ ಶಾಲೆಯ ವಾರ್ಷಿಕೋತ್ಸವದಲ್ಲೋ ಲ್ಯಾಪ್‌ಟಾಪನ್ನು ದೊಡ್ಡ ಆಂಪ್ಲಿಫೈಯರಿಗೆ ಜೋಡಿಸಿದಾಗ, ಹಾಡಿನ ಹಿಂದೆ ಜೇನುಗೂಡು ಕೆದಕಿದಂತೆ ‘ಗುಂಯ್’ ಎಂಬ ಸದ್ದು ಎದ್ದು ಎಲ್ಲರನ್ನೂ ಕಂಗೆಡಿಸುವುದುಂಟು. ಇದು ಬತ್ತಿದ ಕೆರೆಯ ಸದ್ದಲ್ಲ, ವಿದ್ಯುತ್ತಿನ ಸದ್ದು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಬಾರಿ ತೂಗಾಡುತ್ತದೆ. ಲ್ಯಾಪ್‌ಟಾಪಿನ ಚಾರ್ಜರೂ ಆಂಪ್ಲಿಫೈಯರೂ ಬೇರೆ ಬೇರೆ ಕಡೆಯ ಅರ್ಥಿಂಗಿಗೆ ಸೇರಿಕೊಂಡಾಗ, ಇವೆರಡರ ನಡುವಿನ ಸಂಗೀತದ ತಂತಿಯ ಮೂಲಕವೇ ಸಣ್ಣ ಪ್ರವಾಹವೊಂದು ಹರಿದು ಗುಂಯ್‌ಕಾರವಾಗುತ್ತದೆ. ಚಾರ್ಜರನ್ನು ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಅದು ತಟ್ಟನೆ ನಿಲ್ಲುತ್ತದೆ. ಕಾರ್ಯಕ್ರಮ ದೀರ್ಘವಾದರೆ ಎರಡನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಬೇಕು. ಅದರಿಂದಾಗದಿದ್ದರೆ ನಡುವೆ ಜೋಡಿಸುವ ‘ಗ್ರೌಂಡ್ ಲೂಪ್ ಐಸೊಲೇಟರ್’ ಎಂಬ ಚಿಕ್ಕ ಸಾಧನ ದೊರೆಯುತ್ತದೆ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಗುಂಯ್‌ಕಾರ ಹೋಗಲೆಂದು ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿಯನ್ನು ಮುರಿದು ಹಾಕುವವರಿದ್ದಾರೆ. ಅದು ಜೀವ ಕಾಯುವ ಕಡ್ಡಿ. ಮಳೆಗೆ ನೆನೆದ ಪೆಂಡಾಲಿನಲ್ಲಿ ವಿದ್ಯುತ್ತು ಸೋರಿದರೆ ಅದನ್ನು ಭೂಮಿಗೆ ಇಳಿಸಿ ಮೈಕು ಹಿಡಿದವನನ್ನು ಉಳಿಸುವುದು ಅದೇ. ಮನೆಯಲ್ಲಿಯೂ, ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪಿನ ಲೋಹದ ಮೈ ಸವರಿದರೆ ಬೆರಳು ಜುಮ್ಮೆನ್ನುವುದಾದರೆ, ಗೋಡೆಯ ಸಾಕೆಟ್ಟಿನಲ್ಲಿ ಮೂರನೆಯ ತೂತಿದ್ದರೂ ಅದರ ಹಿಂದೆ ಅರ್ಥಿಂಗಿನ ತಂತಿ ಇಲ್ಲದಿರಬಹುದು. ಬಲ್ಲ ಎಲೆಕ್ಟ್ರಿಷಿಯನ್ನನ್ನು ಕರೆಸಿ ನೋಡಿಸುವುದು ಕರ್ತವ್ಯ. ಗರಗರವೊಂದು ಮನೆಯ ದೊಡ್ಡ ಅಪಾಯವನ್ನು ಮುಂಚಿತವಾಗಿ ತಿಳಿಸಿದ ಪುಣ್ಯಕ್ಕೆ ಆಗ ಪಾತ್ರವಾದೀತು.

ಅಂಗಡಿಗೆ ಹೋಗುವ ಮುನ್ನ

ಇಷ್ಟೆಲ್ಲ ಮಾಡಿದರೂ ಸದ್ದು ಸರಿಹೋಗದಿದ್ದರೆ ಕೊನೆಯ ಪರೀಕ್ಷೆಯೊಂದುಂಟು. ಲಿನಕ್ಸಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಒಳಗಿನ ವಿಂಡೋಸನ್ನು ಮುಟ್ಟದೆಯೇ ಯಂತ್ರವನ್ನು ಅದರಿಂದ ನಡೆಸಬಹುದು. ಅಲ್ಲಿ ಹಾಡು ಶುದ್ಧವಾಗಿ ಬಂದರೆ ಯಂತ್ರದ ಅಂಗಾಂಗಗಳು ಆರೋಗ್ಯವಾಗಿವೆ, ದೋಷವಿರುವುದು ತಂತ್ರಾಂಶದಲ್ಲಿ ಎಂದಾಯಿತು. ಅಲ್ಲಿಯೂ ಗರಗರವೇ ಆದರೆ ಒಳಗಿನ ಬಿಲ್ಲೆ, ಬೆಸುಗೆಗಳ ಮೇಲೆ ಸಂಶಯ ಬಲಿಯುತ್ತದೆ. ರಿಪೇರಿಯವನ ಕೈಗೆ ಒಪ್ಪಿಸುವುದೇ ಸರಿ.

ಒಪ್ಪಿಸುವ ಮುನ್ನ ಕಡತಗಳ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಬೇಕು. “ಸೌಂಡ್ ಸರಿಯಿಲ್ಲ” ಎಂದು ಹೇಳಿ ಬರುವುದರಿಂದ ರಿಪೇರಿಯವನಿಗೂ ತೊಂದರೆ, ತಂದವನ ಜೇಬಿಗೂ ತೊಂದರೆ. “ಇಂಟರ್‌ನೆಟ್ ಇಲ್ಲದಾಗಲೂ ಗರಗರ ಬರುತ್ತದೆ, ಇಯರ್‌ಫೋನಿನಲ್ಲಿ ಇಲ್ಲ, ಎಡಗಡೆಯ ಸ್ಪೀಕರಿನಲ್ಲಿ ಮಾತ್ರ, ಸದ್ದು ತಗ್ಗಿಸಿದರೂ ಬರುತ್ತದೆ” ಎಂದು ನಾಲ್ಕು ಮಾತು ಬರೆದುಕೊಟ್ಟರೆ ಅರ್ಧ ದಿನದ ಹುಡುಕಾಟ ಉಳಿಯುತ್ತದೆ. ಗಿರಾಕಿ ತಿಳಿದವನೆಂಬ ಅರಿವು ಅಂಗಡಿಯವನ ಲೆಕ್ಕವನ್ನೂ ಹಿಡಿತದಲ್ಲಿ ಇಡುತ್ತದೆ.

ಎಲ್ಲ ಸರಿಹೋಯಿತೇ ಎಂದು ಪರೀಕ್ಷಿಸಲು ಹಾಡಿಗಿಂತ ಮಾತೇ ಲೇಸು. ಹಾಡಿನ ತಾಳಮೇಳದಲ್ಲಿ ಸಣ್ಣ ‘ಪಟ್’ ಮರೆಯಾಗಿ ಹೋಗುತ್ತದೆ. ಕಕಾರದ ಗಡಸು, ರಕಾರದ ನಡುಕ, ಮಕಾರದ ಮೆದುತನಗಳೆಲ್ಲ ಒಂದರ ಬೆನ್ನಿಗೊಂದು ಬರುವ ವಾಕ್ಯವನ್ನು ಲ್ಯಾಪ್‌ಟಾಪಿನಲ್ಲಿಯೇ ಮುದ್ರಿಸಿಕೊಂಡು ಮರಳಿ ಕೇಳಿದರೆ ಕಳೆದುಹೋದ ಚೂರು ತಟ್ಟನೆ ತಿಳಿಯುತ್ತದೆ. ಅಂಥ ವಾಕ್ಯಕ್ಕಾಗಿ ದೂರ ಹುಡುಕಬೇಕಾಗಿಲ್ಲ. ತರೀಕೆರೆಯ ಏರಿಯ ಮೇಲೆಯೇ ಅದು ಸಿದ್ಧವಾಗಿದೆ.

ಮುಂದಿನ ಭಾನುವಾರ ಅಜ್ಜಿ ಮತ್ತೆ ಮೇಜಿನ ಮುಂದೆ ಕೂಡುತ್ತಾಳೆ. ಲ್ಯಾಪ್‌ಟಾಪು ಈಗ ರೂಟರಿನ ಪಕ್ಕದಲ್ಲಿದೆ, ಮೆರುಗಿನ ಸೌಕರ್ಯ ಆರಿದೆ, ಫ್ಯಾನಿನ ಧೂಳು ಹೋಗಿದೆ. ಮೊಮ್ಮಗ ಉಸಿರು ಕಟ್ಟಿ ವಾಕ್ಯವನ್ನು ಆರಂಭಿಸುತ್ತಾನೆ. ಒಂದಕ್ಷರವೂ ಬಿಡದೆ ಕೇಳಿಸುತ್ತದೆ. ಮೂರನೆಯ ಬಾರಿಗೆ ಕರಿಯ ಜಾಗದಲ್ಲಿ ಕುರಿ ನುಗ್ಗಿ ಹುಡುಗ ತೊದಲುತ್ತಾನೆ. ಈ ಸಲ ತೊದಲಿದ್ದು ಅವನದೇ ನಾಲಿಗೆಯೆಂದು ಅಜ್ಜಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಅವಳ ನಗುವೂ ಆಚೆಯ ದಡಕ್ಕೆ ತುಂಡಾಗದೆ ಮುಟ್ಟುತ್ತದೆ.